ದೋಸ್ತರ ಗುಂಪು ಬಿಡಿಸಬೇಕಾ, ಬೇಡವಾ? ಒಂಬತ್ತನೇ ಕ್ಲಾಸ್ ಮಗನ ವಿಷಯ

ತೊಗರಿನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನ ಮಗ ಒಂಬತ್ತನೇ ಕ್ಲಾಸ್. ಹೋದ ವರ್ಷದವರೆಗೆ ಸಾಲಿಗೆ, ಟ್ಯೂಷನ್‌ಗೆ ಸೈಕಲ್ ಮೇಲೆ ಹೋಗುತ್ತಿದ್ದ. ಈಗ ಸೈಕಲ್ ಮುಟ್ಟುತ್ತಿಲ್ಲ. ಒಂದು ದಿನ ಗಾಳಿ ಇಲ್ಲ ಅನ್ನುತ್ತಾನೆ, ಇನ್ನೊಂದು ದಿನ ಚೈನ್ ಬಿದ್ದಿದೆ ಅನ್ನುತ್ತಾನೆ. ಜೋರು ಮಾಡಿ ಕೇಳಿದ ಮೇಲೆ ಬಾಯಿ ಬಿಟ್ಟ. "ಎಲ್ಲಾರೂ ಗಾಡಿ ಮ್ಯಾಲ ಬರ್ತಾರ, ನಾ ಒಬ್ಬನೇ ಸೈಕಲ್ ಹೊಡ್ಕೊಂಡು ಹೋಗ್ಲೇನು? ಡರ್ಪೋಕ್ ಅಂತಾರ" ಅಂದ.

ಇವನ ಗುಂಪಿನಲ್ಲಿ ಐದಾರು ಹುಡುಗರು. ಅದರಲ್ಲಿ ಇಬ್ಬರು ಅಪ್ಪಂದಿರ ಬೈಕ್ ತರುತ್ತಾರೆ. ಸಂಜೆ ಟ್ಯೂಷನ್ ಬಿಟ್ಟ ಮೇಲೆ ಮೂರು ಮೂರು ಜನ ಕೂತು ರಿಂಗ್ ರೋಡ್ ಕಡೆ ಹೋಗುತ್ತಾರಂತೆ. ಮೊನ್ನೆ ನನ್ನ ಹೆಂಡತಿ ಬ್ಯಾಗ್ ತೊಳೆಯಲು ತೆಗೆದಾಗ ಕಂಪಾಸ್ ಬಾಕ್ಸ್ ಒಳಗೆ, ಕೋನಮಾಪಕದ ಕೆಳಗೆ, ಪಾನ್ ಮಸಾಲಾದ ಖಾಲಿ ಚೀಟು ಸಿಕ್ಕಿತು. ಮಡಚಿ ಮಡಚಿ ಉಗುರಿನಷ್ಟು ಸಣ್ಣದು ಮಾಡಿ ಇಟ್ಟಿದ್ದ. ಕೇಳಿದರೆ "ದೋಸ್ತಂದು" ಅಂದ.

ನಮ್ಮಪ್ಪ ಹಾಸ್ಟೆಲ್‌ಗೆ ಹಾಕು ಅನ್ನುತ್ತಾರೆ. ಹೆಂಡತಿ ಸಾಲಿನೇ ಬದಲಿಸೋಣ ಅನ್ನುತ್ತಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆ ಹುಡುಗರು ಕೆಟ್ಟವರಲ್ಲ. ನಮ್ಮಪ್ಪ ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಗಂಜ್‌ನಲ್ಲಿದ್ದೆ. ಆಟೊ ಕರೆದು ತಂದು ಎತ್ತಿ ಕೂರಿಸಿದವರು ಇದೇ ಹುಡುಗರು. ಅವರನ್ನು ಬಿಡಿಸಿದರೆ ಇವನಿಗೆ ಬೇರೆ ಯಾರೂ ಇಲ್ಲ. ನೀವು ಏನು ಮಾಡಿದ್ದೀರಿ, ಹೇಳಿ.

---

ಚೌಬಾರಾ (ಬೀದರ್)

ಸರಳ ವಿಷಯ. ಫೋನ್ ಕಿತ್ತುಕೊಳ್ಳಿ, ಟ್ಯೂಷನ್ ಬಿಡಿಸಿ, ನಾಲ್ಕು ಬಾರಿಸಿ. ನಮ್ಮ ಕಾಲದಲ್ಲಿ ಅಪ್ಪ ಕಣ್ಣು ಬಿಟ್ಟರೆ ಸಾಕಿತ್ತು.

---

ಬೀದರ್ ಅಮ್ಮ

ಚೌಬಾರಾ ಅಣ್ಣಾ, ಹೊಡೆದರೆ ಹುಡುಗ ಚೀಟು ಇಡುವ ಜಾಗ ಬದಲಿಸುತ್ತಾನೆ, ಅಷ್ಟೇ. ಈಗ ಕಂಪಾಸ್ ಬಾಕ್ಸ್‌ನಲ್ಲಿ ಸಿಕ್ಕಿತು. ಆಮೇಲೆ ಸಿಗುವುದೇ ಇಲ್ಲ.

---

ಸೇಡಂ ರಸ್ತೆ (ಕಲಬುರಗಿ)

ತೊಗರಿನಾಡು ಅಣ್ಣಾ, ನಾನು ಎಂ.ಎ. ಸೈಕಾಲಜಿ ಓದುತ್ತಿದ್ದೇನೆ. ಓದಿದ್ದರಲ್ಲಿ ನಿಮಗೆ ಉಪಯೋಗ ಆಗುವಂಥದ್ದು ಒಂದಿದೆ.

2005ರಲ್ಲಿ ಅಮೆರಿಕದಲ್ಲಿ ಗಾರ್ಡ್‌ನರ್, ಸ್ಟೈನ್‌ಬರ್ಗ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರ್ ಮೇಲೆ ಕಾರು ಓಡಿಸುವ ಆಟ. ಹಳದಿ ಸಿಗ್ನಲ್ ಬಿದ್ದ ಮೇಲೆ ಎಷ್ಟು ದೂರ ಹೋಗುತ್ತೀರಿ ಅನ್ನುವುದು ಆಟ. ಹೆಚ್ಚು ದೂರ ಹೋದರೆ ಹೆಚ್ಚು ಪಾಯಿಂಟ್. ಆದರೆ ಸಿಗ್ನಲ್ ಕೆಂಪಾದಾಗ ಎದುರಿಗೆ ಗೋಡೆ ಬರುತ್ತದೆ, ಅದಕ್ಕೆ ಬಡಿದರೆ ಎಲ್ಲ ಹೋಯಿತು. 13ರಿಂದ 16 ವರ್ಷದ ಮಕ್ಕಳು ಗೆಳೆಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ ತುಂಬಾ ಜಾಸ್ತಿ ಅಪಾಯ ತೆಗೆದುಕೊಂಡರು. ಒಬ್ಬರೇ ಆಡುವಾಗ ಹಾಗೆ ಮಾಡಲಿಲ್ಲ. 24 ದಾಟಿದವರಿಗೆ ಗೆಳೆಯರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಂದರೆ ನಿಮ್ಮ ಮಗ ಮನೆಯಲ್ಲಿ ಕೂತು "ಬೈಕ್ ಹತ್ತಲ್ಲ" ಅಂದರೆ ಅದು ಸುಳ್ಳಲ್ಲ. ಆ ಹೊತ್ತಿಗೆ ಅದು ನಿಜವೇ. ದೋಸ್ತ್ ಗಾಡಿ ಸ್ಟಾರ್ಟ್ ಮಾಡಿ "ಕೂಡ್ರಲೇ" ಅಂದಾಗ ಲೆಕ್ಕ ಬೇರೆ ಆಗುತ್ತದೆ. ಅದಕ್ಕೆ ಮನೆಯಲ್ಲಿ ಆಣೆ ಮಾಡಿಸಿಕೊಂಡರೆ ಕೆಲಸ ಆಗಲ್ಲ.

---

ಚೌಬಾರಾ (ಬೀದರ್)

ಅಮೆರಿಕದ ಮಕ್ಕಳ ಲೆಕ್ಕ ನಮ್ಮ ಮಕ್ಕಳಿಗೆ ಯಾಕೆ?

---

ಸೇಡಂ ರಸ್ತೆ (ಕಲಬುರಗಿ)

ಸಂಜೆ ಆರೂವರೆಗೆ ಯಾವುದಾದರೂ ಟ್ಯೂಷನ್ ಮುಂದೆ ನಿಂತು ನೋಡಿ ಅಣ್ಣಾ. ಒಬ್ಬನೇ ಹೋಗುವ ಹುಡುಗ ಸ್ಪೀಡ್ ಬ್ರೇಕರ್ ಬಂದರೆ ನಿಧಾನ ಮಾಡುತ್ತಾನೆ. ಹಿಂದೆ ಇಬ್ಬರು ಕೂತಿದ್ದರೆ ಅದೇ ಹುಡುಗ ಹಾರಿಸುತ್ತಾನೆ. ಇದು ನಮ್ಮೂರಿನ ರಸ್ತೆಯ ಮೇಲೇ ಕಾಣುತ್ತದೆ.

---

ಕೋರ್ಟ್ ರಸ್ತೆ (ಕಲಬುರಗಿ)

ವಕೀಲಿ ಮಾಡುವವನು ನಾನು. ಬೈಕ್ ವಿಷಯಕ್ಕೆ ಎರಡು ಮಾತು.

16 ತುಂಬಿದವರಿಗೆ ಲೈಸೆನ್ಸ್ ಇದ್ದರೆ 50 ಸಿಸಿ ಒಳಗಿನ ಗಾಡಿ ಮಾತ್ರ. ಬೇರೆ ಯಾವ ಮೋಟಾರ್ ಗಾಡಿಗೂ 18 ಆಗಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅನ್ನುವ ಕಲಂ ಸೇರಿಸಿದರು. ಅಪ್ರಾಪ್ತ ಹುಡುಗ ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪಾಲಕರು ಅಥವಾ ಗಾಡಿ ಮಾಲೀಕರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತಿರಲಿಲ್ಲ" ಅಂತ ಅಪ್ಪ ಹೇಳಬಹುದು, ಆದರೆ ಅದನ್ನು ಸಾಬೀತು ಮಾಡುವ ಹೊಣೆ ಅವನದೇ. ದಿನಾ ಸಂಜೆ ಚಾವಿ ಕೊಟ್ಟು ಕಳಿಸುವವರು ಏನು ಸಾಬೀತು ಮಾಡುತ್ತಾರೆ?

ಅಪಘಾತ ಆದರೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿಗೆ ಬರಬಹುದು. ಇದು ಪಾಲಕರಿಗೆ ಗೊತ್ತೇ ಇರುವುದಿಲ್ಲ. ಹೊಲ ಮಾರುವ ಪರಿಸ್ಥಿತಿ ಬರುತ್ತದೆ.

ತೊಗರಿನಾಡು ಅವರೇ, ನಿಮ್ಮ ಮಗನಿಗೆ ಹೇಳುವುದಕ್ಕಿಂತ ಮೊದಲು ಆ ಇಬ್ಬರು ಹುಡುಗರ ಅಪ್ಪಂದಿರ ಜತೆ ಕೂತು ಒಂದು ಚಾ ಕುಡಿಯಿರಿ. ದೂರು ಕೊಡುವ ಧಾಟಿ ಬೇಡ. ಈ 199ಎ ವಿಷಯ ಹೇಳಿ ಸಾಕು.

---

ರಿಂಗ್ ರೋಡ್ (ಕಲಬುರಗಿ)

ನಮ್ಮ ಓಣಿಯಲ್ಲಿ ಇದನ್ನೇ ಮಾಡಿದೆವು. ನಾಲ್ಕು ಮನೆಯವರು ಸೇರಿ ಮಾತಾಡಿಕೊಂಡು ಯಾರೂ ಗಾಡಿ ಕೊಡಬಾರದು ಅಂತ ಮಾಡಿದೆವು. ಒಬ್ಬನ ಬಳಿಯೂ ಗಾಡಿ ಇಲ್ಲ ಅಂದ ಮೇಲೆ ಸೈಕಲ್ ತರುವವನಿಗೆ ಅವಮಾನ ಎಲ್ಲಿಂದ? ಈಗ ಗುಂಪಾಗಿ ಸೈಕಲ್ ಮೇಲೆ ಹೋಗುತ್ತಾರೆ. ಸೀಟು ಎತ್ತರ ಮಾಡಿಸಿಕೊಳ್ಳುವುದರಲ್ಲೂ ಪೈಪೋಟಿ ನಡೆದಿದೆ, ನಡೆಯಲಿ ಬಿಡಿ.

---

ಹತ್ತನೇ ಕ್ಲಾಸ್

ನಾನು ವಿದ್ಯಾರ್ಥಿ. ನಾನು ಬರೆಯಬಹುದಾ ಗೊತ್ತಿಲ್ಲ. ದೊಡ್ಡವರೆಲ್ಲ "ದೋಸ್ತರು ಒತ್ತಾಯ ಮಾಡ್ತಾರೆ" ಅನ್ನೋ ಥರ ಬರೆದಿದ್ದೀರಿ. ಹಾಗಲ್ಲ. ಯಾರೂ ಒತ್ತಾಯ ಮಾಡಲ್ಲ.

ಒಬ್ಬನ ಬರ್ತ್‌ಡೇ ಇರುತ್ತೆ. ಕೇಕ್, ಫೋಮ್ ಸ್ಪ್ರೇ, ಆಮೇಲೆ ಹೋಟೆಲ್. ಒಬ್ಬೊಬ್ಬರಿಗೆ ಇನ್ನೂರು ಇನ್ನೂರೈವತ್ತು ಬೀಳುತ್ತೆ. ನನ್ನ ಹತ್ರ ಇಲ್ಲ ಅಂದರೆ ಯಾರೂ ಬೈಯಲ್ಲ. "ಇರಲಿ ಬಿಡೋ" ಅಂತಾರೆ. ಅವತ್ತು ರಾತ್ರಿ ಹೊಸ ವಾಟ್ಸಾಪ್ ಗ್ರೂಪ್ ಆಗುತ್ತೆ, ಅದರಲ್ಲಿ ನಾನು ಇರಲ್ಲ. ಮರುದಿನ ಊಟಕ್ಕೆ ಕೂತಾಗ ಅವರು ಏನೋ ಹೇಳಿ ನಗ್ತಾರೆ. ಏನು ಅಂತ ಕೇಳಿದರೆ "ನಿಂಗ ಗೊತ್ತಾಗಲ್ಲ ಬಿಡು" ಅಂತಾರೆ. ಅಷ್ಟೇ. ಇದನ್ನ ಮನೆಯಲ್ಲಿ ಹೇಗೆ ಹೇಳೋದು? ಏನಾಯ್ತು ಅಂತ ಕೇಳಿದರೆ ಏನೂ ಆಗಿಲ್ಲ ಅಂತಲೇ ಹೇಳಬೇಕು. ನಿಜವಾಗಲೂ ಏನೂ ಆಗಿರಲ್ಲ.

---

ಬೀದರ್ ಅಮ್ಮ

ತಮ್ಮಾ, ನೀನು ಬರೆದದ್ದು ಒಳ್ಳೆಯದಾಯಿತು. ಈ ಮಾತು ನಮಗೆ ಯಾವ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ.

---

ತೊಗರಿನಾಡು (ಕಲಬುರಗಿ)

ಹೌದು ತಮ್ಮಾ. ನನ್ನ ಮಗನೂ ಹಾಗೇ ಹೇಳುತ್ತಾನೆ, "ಏನಿಲ್ಲಪಾ". ಆ "ಏನಿಲ್ಲ" ಹಿಂದೆ ಇದೆಲ್ಲ ಇರಬಹುದು ಅಂತ ಈಗ ಅನ್ನಿಸುತ್ತಿದೆ.

---

ಮೀನಾಬಜಾರ್ (ಯಾದಗಿರಿ)

ಬರ್ತ್‌ಡೇ ಅಂದಿರಿ, ನನಗೆ ಪ್ಯಾಂಟ್ ನೆನಪಾಯಿತು. ನಮ್ಮದು ಟೈಲರ್ ಅಂಗಡಿ. ಜೂನ್‌ನಲ್ಲಿ ಯೂನಿಫಾರ್ಮ್ ಹೊಲಿಸಿಕೊಂಡು ಹೋಗುತ್ತಾರೆ. ಜುಲೈನಲ್ಲಿ ಅದೇ ಹುಡುಗರು ತಾವಾಗಿಯೇ ಬಂದು ಕೆಳಗೆ ಪೈಪ್ ಥರ ಟೈಟ್ ಮಾಡಿಕೊಡಿ ಅನ್ನುತ್ತಾರೆ. ಒಬ್ಬ ಬಂದರೆ ಮರುದಿನ ಅದೇ ಸಾಲಿಯ ಹತ್ತು ಜನ. ಮಂಡಿ ಮಡಚಲು ಬರುವುದಿಲ್ಲ, ನೆಲದ ಮೇಲೆ ಕೂರಲು ಆಗಲ್ಲ ಅಂದರೂ ಕೇಳಲ್ಲ. ಡಿಸೆಂಬರ್ ಬರುವಷ್ಟರಲ್ಲಿ ಹುಡುಗ ಬೆಳೆದಿರುತ್ತಾನೆ, ಪ್ಯಾಂಟ್ ಏರುವುದೇ ಇಲ್ಲ. ಆಗ ಅಮ್ಮ ಬಂದು ನನ್ನ ಮೇಲೆ ಸಿಟ್ಟಾಗುತ್ತಾರೆ. ಅದಕ್ಕೆ ನಾನು ಈಗ ಬಟ್ಟೆ ಕತ್ತರಿಸುವುದಿಲ್ಲ, ಒಳಗೆ ಮಡಚಿ ಹೊಲಿದು ಕೊಡುತ್ತೇನೆ. ಬಿಚ್ಚಿದರೆ ಮೊದಲಿನ ಅಳತೆ.

---

ರಿಂಗ್ ರೋಡ್ (ಕಲಬುರಗಿ)

ಕಟಿಂಗ್ ಅಂಗಡಿಯಲ್ಲೂ ಹೀಗೇ. ಸಾಲಿಯವರು ತಲೆ ನೋಡಿ ಹೊರಗೆ ನಿಲ್ಲಿಸುತ್ತಾರೆ, ಹುಡುಗರು ಮೇಲೆ ಉದ್ದ ಬಿಟ್ಟು ಪಕ್ಕದಲ್ಲಿ ಬೋಳಿಸುತ್ತಾರೆ. ಕೂದಲಿಗೆ ಇಷ್ಟು ಜಗಳ ಬೇಕಾ ಅಂತ ನನಗೆ ಅನ್ನಿಸುತ್ತದೆ. ಕೂದಲು ಬೆಳೆಯುತ್ತದೆ. ಮಾಸ್ತರು ಕೂದಲ ಮೇಲೆ ತೋರಿಸುವ ಸಿಟ್ಟನ್ನು ಗೇಟ್ ಎದುರಿನ ಪಾನ್ ಡಬ್ಬಿ ಮೇಲೆ ತೋರಿಸಲಿ.

---

ಶಹಾಪುರ ಮಾಸ್ತರ್

ರಿಂಗ್ ರೋಡ್ ಅವರೇ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು ನಾನು. ಕೂದಲಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಪಾನ್ ಡಬ್ಬಿಯ ವಿಷಯ ಅಷ್ಟು ಸುಲಭ ಅಲ್ಲ. ಅದರ ಮಾಲೀಕನ ಮಗ ನಮ್ಮ ಕ್ಲಾಸಿನಲ್ಲೇ ಕೂತಿರುತ್ತಾನೆ.

ಇನ್ನೊಂದು ಒತ್ತಡ ಇದೆ, ಅದನ್ನು ಯಾರೂ ಎತ್ತಲಿಲ್ಲ. ಓದಬಾರದು ಅನ್ನುವ ಒತ್ತಡ. ನಮ್ಮ ಭಾಗದ ರಿಸಲ್ಟ್ ಎಲ್ಲರಿಗೂ ಗೊತ್ತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಕೊನೆ, ಶೇ. 50.59. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಕೊನೆ, ಶೇ. 42.43. ಕಾರಣ ಬಹಳ ಇವೆ. ಶಿಕ್ಷಕರು ಸಾಲದು, ಮನೆಯಲ್ಲಿ ದುಡಿಮೆ, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿ. ಅದೆಲ್ಲ ನಿಜ. ಆದರೆ ಕ್ಲಾಸಿನ ಒಳಗೂ ಒಂದು ಕಾರಣ ಇದೆ. ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದ ಹುಡುಗ ಕೈ ಎತ್ತುವುದಿಲ್ಲ. ಹಿಂದಿನ ಬೆಂಚಿನಿಂದ "ಪಂಡಿತ್ರು ಎದ್ರು" ಅನ್ನುವ ದನಿ ಬರುತ್ತದೆ. ಎರಡು ಸಲ ಹಾಗಾದರೆ ಮೂರನೇ ಸಲ ಅವನು ಕೈ ಕೆಳಗೇ ಇಡುತ್ತಾನೆ. ತಲೆ ತಗ್ಗಿಸಿ ಪುಸ್ತಕದ ಅಂಚಿನಲ್ಲಿ ಉತ್ತರ ಬರೆದುಕೊಂಡಿರುತ್ತಾನೆ, ಬಾಯಿ ಬಿಡುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಸರಿ ಉತ್ತರ.

ನಾನು ಈಗ ಎಲ್ಲರಿಗೂ ಚೀಟಿ ಕೊಟ್ಟು ಉತ್ತರ ಬರೆಸುತ್ತೇನೆ, ಹೆಸರು ಓದುವುದಿಲ್ಲ. "ಇಷ್ಟು ಜನ ಸರಿ ಬರೆದಿದ್ದಾರೆ" ಅಂತ ಮಾತ್ರ ಹೇಳುತ್ತೇನೆ. ತಾನೊಬ್ಬನೇ ಅಲ್ಲ ಅಂತ ಅವನಿಗೂ ಗೊತ್ತಾಗುತ್ತದೆ.

---

ಸೇಡಂ ರಸ್ತೆ (ಕಲಬುರಗಿ)

ಮಾಸ್ತರ್, ನೀವು ಮಾಡುತ್ತಿರುವುದಕ್ಕೆ ಗಟ್ಟಿ ಆಧಾರ ಇದೆ. 1950ರ ದಶಕದಲ್ಲಿ ಸೊಲೊಮನ್ ಆಶ್ ಅನ್ನುವವರು ಕಾಲೇಜು ಹುಡುಗರ ಮೇಲೆ ಪ್ರಯೋಗ ಮಾಡಿದ್ದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಇದಕ್ಕೆ ಸಮ ಅಂತ ಕೇಳುವುದು. ಚಿಕ್ಕ ಮಗುವಿಗೂ ಗೊತ್ತಾಗುವಂಥದ್ದು. ಆದರೆ ಯಾರ ಮೇಲೆ ಪ್ರಯೋಗವೋ ಆ ಒಬ್ಬ ಹುಡುಗನನ್ನು ಬಿಟ್ಟು ಕೋಣೆಯಲ್ಲಿದ್ದ ಬೇರೆ ಎಲ್ಲರೂ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಹೇಳುವವರು. ಆ ಒಬ್ಬ ಹುಡುಗನೂ ಸುಮಾರು ಮೂರರಲ್ಲಿ ಒಂದು ಸಲ ಅವರ ಜತೆ ಸೇರಿ ತಪ್ಪೇ ಹೇಳಿದ.

ನನಗೆ ಮುಖ್ಯ ಅನ್ನಿಸುವುದು ಮುಂದಿನ ಭಾಗ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನನ್ನು ಕೂರಿಸಿದರು. ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಉಳಿದವರೆಲ್ಲ ತಪ್ಪು ಹೇಳುತ್ತಲೇ ಇದ್ದರೂ ಸಹ.

ತೊಗರಿನಾಡು ಅಣ್ಣಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಗುಂಪು ಬಿಡಿಸಬೇಡಿ. ಗುಂಪಿನಲ್ಲಿ ಇನ್ನೊಬ್ಬ ಬೇಡ ಅನ್ನುವವನು ಖಂಡಿತ ಇರುತ್ತಾನೆ, ಬಾಯಿ ಬಿಡುತ್ತಿಲ್ಲ ಅಷ್ಟೇ. ಅವನು ಯಾರು ಅಂತ ಕಂಡುಹಿಡಿಯಿರಿ.

---

ಚೌಬಾರಾ (ಬೀದರ್)

ಕಂಡುಹಿಡಿದು ಏನು ಮಾಡುವುದು? ಅಪ್ಪ ಅಮ್ಮ ಪೊಲೀಸರ ಥರ ಹುಡುಗರ ಹಿಂದೆ ತಿರುಗಬೇಕಾ? ಕೆಟ್ಟ ಸಂಗ ಅಂದರೆ ಕೆಟ್ಟ ಸಂಗ. ದೂರ ಇಟ್ಟರೆ ಮುಗಿಯಿತು.

---

ಬೀದರ್ ಅಮ್ಮ

ಅಣ್ಣಾ, ದೂರ ಇಟ್ಟು ನೋಡಿದ ಮನೆ ನಮ್ಮ ಪಕ್ಕದಲ್ಲೇ ಇದೆ. ಹುಡುಗನನ್ನು ಒಂಬತ್ತರಲ್ಲಿ ಹೈದರಾಬಾದ್ ಹಾಸ್ಟೆಲ್‌ಗೆ ಹಾಕಿದರು. ಅಲ್ಲಿ ಇವನು ಹೊಸಬ. ಹೊಸಬನಿಗೆ ಗುಂಪಿನೊಳಗೆ ಸೇರಲು ಇನ್ನೂ ಹೆಚ್ಚು ಆಸೆ. ಇಲ್ಲಿ ಬರೀ ಸುಪಾರಿ ಇತ್ತು, ಅಲ್ಲಿ ಸಿಗರೇಟು ಸೇರಿತು.

ನಾವು ಮಾಡಿದ್ದು ಹೇಳುತ್ತೇನೆ. ನನ್ನ ಮಗ ಎಂಟರಲ್ಲಿದ್ದಾಗಿಂದ ಒಂದು ಒಪ್ಪಂದ. ದೋಸ್ತರ ಜತೆ ಎಲ್ಲಾದರೂ ಇದ್ದಾಗ ಬೇಡದ್ದು ನಡೆದರೆ ನನಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ಬೇರೇನೂ ಇಲ್ಲ. ನಾನು ತಕ್ಷಣ ತಿರುಗಿ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಜೋರಾಗಿ ಒದರುತ್ತೇನೆ: "ಎಲ್ಲಿ ಹಾಳಾಗಿ ಹೋಗಿದಿ? ಮುತ್ಯಾಗ ಗುಳಿಗಿ ತರಬೇಕು, ಈಗಿಂದೀಗ ಮನಿಗೆ ಬಾ." ಅವನು ಮುಖ ಸಣ್ಣ ಮಾಡಿಕೊಂಡು "ನಮ್ಮವ್ವ ಭಾಳ ಕಿರಿಕಿರಿ ಲೇ" ಅಂತ ಹೇಳಿ ಬರುತ್ತಾನೆ. ಅವನ ಮಾನ ಉಳಿಯಿತು, ಬೈಸಿಕೊಂಡವಳು ನಾನು. ಬಂದ ಮೇಲೆ ಅವತ್ತು ನಾನು ಏನೂ ಕೇಳುವುದಿಲ್ಲ. ಅದು ಒಪ್ಪಂದದ ಅರ್ಧ ಭಾಗ. ಕೇಳಿದರೆ ಮುಂದಿನ ಸಲ ಮಿಸ್ಡ್ ಕಾಲ್ ಬರಲ್ಲ.

---

ಹತ್ತನೇ ಕ್ಲಾಸ್

ಆಂಟಿ ಇದು ಸೂಪರ್. ನಮ್ಮ ಮನೆಯಲ್ಲಿ ಹೇಳ್ತೀನಿ.

---

ರಿಂಗ್ ರೋಡ್ (ಕಲಬುರಗಿ)

ಬೀದರ್ ಅಮ್ಮ, "ಕೇಳುವುದಿಲ್ಲ" ಅನ್ನುವುದೇ ಕಷ್ಟ ನೋಡಿ. ನನ್ನಿಂದ ಆಗುತ್ತಾ ಗೊತ್ತಿಲ್ಲ.

---

ಬೀದರ್ ಅಮ್ಮ

ಮೊದಲ ಸಲ ಬಹಳ ಕಷ್ಟ. ರಾತ್ರಿ ರೊಟ್ಟಿ ಬಡಿಯುತ್ತಾ ತುಟಿ ಕಚ್ಚಿಕೊಂಡು ನಿಂತಿದ್ದೆ. ಮೂರನೇ ದಿನ ಅವನೇ ಬಂದು ಒಲೆ ಹತ್ತಿರ ಕೂತು ಎಲ್ಲ ಹೇಳಿದ.

---

ಸುರಪುರದವಳು

ಎಲ್ಲರೂ ಹುಡುಗರ ಬಗ್ಗೆಯೇ ಬರೆಯುತ್ತಿದ್ದೀರಿ. ಹುಡುಗಿಯರಿಗೆ ಬೇರೆ ಥರ ಇದೆ. ಮೈಬಣ್ಣದ ಮಾತು, ಮೊಡವೆಯ ಮಾತು. ಯಾರ ರೀಲ್ಸ್‌ಗೆ ಎಷ್ಟು ಲೈಕ್. ಒಂಬತ್ತನೇ ಕ್ಲಾಸಿನ ಹುಡುಗಿಗೆ "ನಿನಗ ಯಾರೂ ಪ್ರಪೋಸ್ ಮಾಡಿಲ್ಲೇನು" ಅಂತ ಗೆಳತಿಯರೇ ಕೇಳುತ್ತಾರೆ. ಆ ಒಂದು ಮಾತಿಗೆ ಯಾರೋ ಗೊತ್ತಿಲ್ಲದವನಿಗೆ ಫೋಟೊ ಕಳಿಸಿ ಆಮೇಲೆ ಅಳುವವರಿದ್ದಾರೆ. ಹಾಗಾದರೆ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ.

ಆದರೆ ಗೆಳತಿಯರ ಒತ್ತಡದಿಂದ ಒಳ್ಳೆಯದಾಗಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಊರಿಂದ ಏಳೆಂಟು ಹುಡುಗಿಯರು ಒಂದೇ ಬಸ್ಸಿಗೆ ಹೈಸ್ಕೂಲಿಗೆ ಹೋಗುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಅನ್ನುವ ನೆವವೂ ಮನೆಯವರಿಗೆ ಉಳಿಯಲಿಲ್ಲ. ಅದರಲ್ಲಿ ಒಬ್ಬಳನ್ನು ಹತ್ತನೇ ಕ್ಲಾಸಿಗೆ ಬಿಡಿಸಿ ಮದುವೆ ಮಾತು ಎತ್ತಿದರು. ಉಳಿದವರು ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅವಳ ಮನೆ ಮುಂದೆ ನಿಂತು "ಬರ್ತೀಯೇನೆ" ಅಂತ ಕೂಗುತ್ತಿದ್ದರು. ಜಗಳ ಇಲ್ಲ, ದೂರು ಇಲ್ಲ. ದಿನಾ ಕೂಗುವುದು ಅಷ್ಟೇ. ಓಣಿ ಮಂದಿಯೆಲ್ಲ ಕೇಳುವಂತಾಯಿತು. ಆಮೇಲೆ ಸಾಲಿಯ ಮೇಡಂ ಕೂಡ ಹೋಗಿ ಮಾತಾಡಿದರು. ಕೊನೆಗೆ ಅವರಪ್ಪನೇ "ಹೋಗವ್ವಾ, ಇವರ ಕಾಟ ತಡೀಲಾರೆ" ಅಂದು ಕಳಿಸಿದ. ಅವಳು ಈಗ ಪಿಯುಸಿ ಓದುತ್ತಿದ್ದಾಳೆ.

ಅದಕ್ಕೆ ಗುಂಪು ಅಂದರೆ ಕೆಟ್ಟದ್ದೇ ಅನ್ನುವ ಚೌಬಾರಾ ಅಣ್ಣನ ಮಾತು ನಾನು ಒಪ್ಪಲ್ಲ.

---

ಚೌಬಾರಾ (ಬೀದರ್)

ತಂಗಿ, ಹುಡುಗಿಯರ ವಿಷಯ ನೀನು ಹೇಳಿದ್ದು ಸರಿ, ಒಳ್ಳೆ ಕೆಲಸ ಮಾಡಿದ್ದಾರೆ. ಆದರೆ ನನ್ನ ಭಯ ನಿಮಗೆ ಗೊತ್ತಾಗುತ್ತಿಲ್ಲ. ನನ್ನ ತಂಗಿಯ ಮಗ ಹುಮನಾಬಾದ್ ರಸ್ತೆಯಲ್ಲಿ ದೋಸ್ತನ ಗಾಡಿ ಹಿಂದೆ ಕೂತು ಹೋಗುವಾಗ ಬಿದ್ದ. ಗಾಡಿ ಓಡಿಸಿದವನಿಗೆ ಏನೂ ಆಗಲಿಲ್ಲ. ಇವನ ಕಾಲಿಗೆ ರಾಡ್ ಹಾಕಿದ್ದಾರೆ, ಇಂದಿಗೂ ಕುಂಟುತ್ತಾನೆ. "ಬರಲ್ಲ" ಅನ್ನುವ ಒಂದು ಮಾತು ಬಾಯಿಂದ ಬರಲಿಲ್ಲ ಅಂತ ಅವನೇ ಹೇಳಿದ. ಅದಕ್ಕೇ ನಾನು ಇಷ್ಟು ಕಠಿಣವಾಗಿ ಹೇಳುವುದು.

---

ಸೇಡಂ ರಸ್ತೆ (ಕಲಬುರಗಿ)

ಅಣ್ಣಾ, ಕೇಳಿ ಸಂಕಟ ಆಯಿತು. ನೀವು ಹೇಳುತ್ತಿರುವುದೂ ನಾವು ಹೇಳುತ್ತಿರುವುದೂ ಒಂದೇ ಕಡೆ ಬರುತ್ತದೆ. ಆ "ಬರಲ್ಲ" ಅನ್ನುವ ಮಾತು ಬಾಯಿಗೆ ಬರುವಂತೆ ಮಾಡಬೇಕು. ಹೊಡೆತದಿಂದ ಅದು ಬರಲ್ಲ. ಮನೆಯಲ್ಲಿ ಅಪ್ಪನ ಮುಂದೆ ಬೇಡ ಅನ್ನಲು ಬಿಡದಿದ್ದರೆ ಹೊರಗೆ ದೋಸ್ತನ ಮುಂದೆ ಹೇಗೆ ಅಂದಾನು? 14ರಿಂದ 18ರ ನಡುವೆ ಗೆಳೆಯರಿಗೆ ಬೇಡ ಅನ್ನುವ ಶಕ್ತಿ ವರ್ಷ ವರ್ಷ ಬೆಳೆಯುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಒಂಬತ್ತನೇ ಕ್ಲಾಸ್ ಅಂದರೆ ಆ ದಾರಿಯ ಮೊದಲ ಹೆಜ್ಜೆ. ಈ ಎರಡು ಮೂರು ವರ್ಷ ದೊಡ್ಡವರು ಆಸರೆ ಕೊಡಬೇಕು.

---

ತೊಗರಿನಾಡು (ಕಲಬುರಗಿ)

ಎಲ್ಲರ ಮಾತು ಓದಿದೆ. ನಿನ್ನೆ ಮಗನ ಜತೆ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಭಜಿ ತಿನ್ನುತ್ತಾ ಸುಮ್ನೆ ಕೇಳಿದೆ, "ಗಾಡಿ ಮ್ಯಾಲ ಹೋಗಾಕ ನಿಮ್ಮಾಗ ಯಾರಿಗೆ ಅಂಜಿಕಿ ಆಗ್ತದ?" ನಿನಗೆ ಆಗುತ್ತಾ ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬ ಹುಡುಗನ ಹೆಸರು ಹೇಳಿದ. ಅವನು ಹಿಂದೆ ಕೂತಾಗ ಕಣ್ಣು ಮುಚ್ಚಿಕೊಂಡಿರುತ್ತಾನಂತೆ. ಆ ಹುಡುಗನ ಅಪ್ಪ ನನಗೆ ಗೊತ್ತು. ನಾಳೆ ಮಾತಾಡುತ್ತೇನೆ. ಬೈಕ್ ಕೊಡುವ ಇಬ್ಬರು ಅಪ್ಪಂದಿರಿಗೆ ವಕೀಲರು ಹೇಳಿದ 199ಎ ವಿಷಯ ತಿಳಿಸುತ್ತೇನೆ.

ಈಗ ಆ ಚೀಟಿನ ವಿಷಯ. "ಇದರಾಗ ತಂಬಾಕ ಇಲ್ಲಪಾ, ಬರೇ ಸುಪಾರಿ" ಅನ್ನುತ್ತಾನೆ. ಇದಕ್ಕೆ ಏನು ಹೇಳಲಿ?

---

ಆಸ್ಪತ್ರೆ ಅಕ್ಕ (ಬೀದರ್)

ಅಣ್ಣಾ, ನಾನು ನರ್ಸ್. ಬರೇ ಸುಪಾರಿ ಅನ್ನುವುದು ಎಲ್ಲ ಹುಡುಗರೂ ಹೇಳುವ ಮಾತು. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅದಕ್ಕೆ ತಂಬಾಕು ಸೇರಲೇಬೇಕು ಅಂತಿಲ್ಲ.

ಇನ್ನೊಂದು, ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ. ಅದಕ್ಕೆ ಈಗ ಮಸಾಲಾ ಒಂದು ಚೀಟು, ಜರ್ದಾ ಅಂದರೆ ತಂಬಾಕಿನದು ಒಂದು ಚೀಟು ಅಂತ ಬೇರೆ ಬೇರೆ ಮಾರುತ್ತಾರೆ. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಮೊದಲು ಮಸಾಲಾ ಮಾತ್ರ ತಿನ್ನುವ ಹುಡುಗ ಆಮೇಲೆ ಎರಡನೇ ಚೀಟಿಗೆ ಹೋಗುತ್ತಾನೆ.

ಮಗನನ್ನು ಹೆದರಿಸಬೇಡಿ. ಕನ್ನಡಿ ಮುಂದೆ ನಿಲ್ಲಿಸಿ ಬಾಯಿ ದೊಡ್ಡದಾಗಿ ತೆಗೆಯಲು ಹೇಳಿ. ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗಬೇಕು. ಹೋಗದಿದ್ದರೆ, ಅಥವಾ ಖಾರ ತಿಂದರೆ ಬಾಯಿ ಉರಿಯುತ್ತದೆ ಅಂದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡು ಬಿಗಿ ಅನ್ನಿಸಿದರೆ ತಡ ಮಾಡದೆ ದಂತ ವೈದ್ಯರಿಗೆ ತೋರಿಸಿ. ಬಾಯಿ ತೆರೆಯಲಾಗದೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಇಪ್ಪತ್ತು ವರ್ಷದ ಹುಡುಗರು ನಮ್ಮಲ್ಲಿಗೆ ಬರುತ್ತಾರೆ. ಒಮ್ಮೆ ಬಿಗಿಯಾದ ಬಾಯಿ ಮೊದಲಿನಂತೆ ಆಗುವುದು ಕಷ್ಟ. ಈಗಲೇ ಬಿಟ್ಟರೆ ಮುಂದೆ ಹೋಗುವುದು ನಿಲ್ಲಬಹುದು.

---

ಕೋರ್ಟ್ ರಸ್ತೆ (ಕಲಬುರಗಿ)

ಇದಕ್ಕೆ ಕಾನೂನೂ ಇದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ 18ರ ಒಳಗಿನವರಿಗೆ ಮಾರಬಾರದು ಅಂತಿತ್ತು. ಕರ್ನಾಟಕದ ತಿದ್ದುಪಡಿ ಬಂದ ಮೇಲೆ, 2025ರಿಂದ, ಅದು 21 ವರ್ಷ. ಶಾಲೆಯಿಂದ 100 ಮೀಟರ್ ಒಳಗೆ ಮಾರುವಂತೆಯೇ ಇಲ್ಲ. ಮಕ್ಕಳ ನ್ಯಾಯ ಕಾಯ್ದೆ 2015, ಕಲಂ 77 ಇನ್ನೂ ಗಟ್ಟಿ. ಮಕ್ಕಳಿಗೆ ತಂಬಾಕು ಅಥವಾ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಒಬ್ಬರೇ ಹೋಗಿ ಅಂಗಡಿಯವನ ಜತೆ ಜಗಳ ಆಡಬೇಡಿ. ನಾಲ್ಕೈದು ಪಾಲಕರು ಸಹಿ ಮಾಡಿ ಮುಖ್ಯ ಗುರುಗಳಿಗೆ ಅರ್ಜಿ ಕೊಡಿ. ಒಂದು ಪ್ರತಿ ಠಾಣೆಗೆ, ಒಂದು ಪ್ರತಿ ಪಾಲಿಕೆಗೆ. ಸ್ವೀಕೃತಿ ಸಹಿ ತೆಗೆದುಕೊಳ್ಳಿ.

---

ಶಹಾಪುರ ಮಾಸ್ತರ್

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಪಾಲಕರ ಅರ್ಜಿ ಕೈಯಲ್ಲಿದ್ದರೆ ನಮ್ಮಂಥ ಶಿಕ್ಷಕರಿಗೆ ಬಲ ಬರುತ್ತದೆ. ನಾವೇ ಹೋಗಿ ಹೇಳಿದರೆ "ಮಾಸ್ತರ್ ನಮ್ಮ ಹೊಟ್ಟಿ ಮ್ಯಾಲ ಹೊಡೀತಾನ" ಅನ್ನುತ್ತಾರೆ. ಅರ್ಜಿಯಲ್ಲಿ ಯಾವ ಹುಡುಗನ ಹೆಸರೂ ಬರೆಯಬೇಡಿ, ದಯವಿಟ್ಟು. ಅಂಗಡಿ, ಜಾಗ, ಹೊತ್ತು, ಇಷ್ಟೇ ಸಾಕು.

---

ಮೀನಾಬಜಾರ್ (ಯಾದಗಿರಿ)

ನಮ್ಮಲ್ಲೂ ಇದನ್ನು ಮಾಡೋಣ. ಯಾದಗಿರಿಯವರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ, ಅರ್ಜಿ ನಮೂನೆ ಒಂದೇ ಇರಲಿ.

---

ಹತ್ತನೇ ಕ್ಲಾಸ್

ಆಸ್ಪತ್ರೆ ಅಕ್ಕಾ, ಒಂದು ಕೇಳಲಾ. ನನ್ನ ದೋಸ್ತ್ ಒಬ್ಬ ಎರಡೂ ಚೀಟು ಬೆರೆಸಿ ತಿಂತಾನೆ. ಬಿಡಬೇಕು ಅಂತಾನೆ, ಆದರೆ ಒಂದು ದಿನ ಬಿಟ್ಟರೆ ತಲೆನೋವು, ಎಲ್ಲರ ಮೇಲೂ ಸಿಟ್ಟು. ಮನೆಯಲ್ಲಿ ಗೊತ್ತಾದರೆ ಕೊಂದೇ ಬಿಡ್ತಾರೆ. ಎಲ್ಲಿಗೆ ಹೋಗಬೇಕು?

---

ಆಸ್ಪತ್ರೆ ಅಕ್ಕ (ಬೀದರ್)

ತಮ್ಮಾ, ಅವನಿಗೆ ಹೇಳು, ಆ ತಲೆನೋವು, ಸಿಟ್ಟು ತಂಬಾಕಿನಲ್ಲಿರುವ ನಿಕೋಟಿನ್ ಬಿಟ್ಟಾಗ ಬಹಳ ಜನರಿಗೆ ಬರುತ್ತದೆ. ಮೊದಲ ಕೆಲವು ದಿನ ಜೋರಾಗಿರುತ್ತದೆ, ಆಮೇಲೆ ಕಡಿಮೆ ಆಗುತ್ತಾ ಹೋಗುತ್ತದೆ. ಬಾಯಿ ಬೇಡಿದಾಗ ನೀರು ಕುಡಿಯಲಿ, ಸೋಂಪು ಅಥವಾ ಹುರಿದ ಶೇಂಗಾ ಅಗಿಯಲಿ. ಚೀಟು ತಿನ್ನುವ ಹೊತ್ತಿಗೆ ನೀನು ಅವನ ಜತೆ ಇರು. ಒಬ್ಬ ಜತೆಗಿದ್ದರೆ ಬಹಳ ಫರಕು ಬೀಳುತ್ತದೆ.

ತಂಬಾಕು ಬಿಡಲು ಸಹಾಯವಾಣಿ ಇದೆ, 1800 11 2356, ದುಡ್ಡು ಬೀಳುವುದಿಲ್ಲ. ಮನಸ್ಸಿಗೆ ಬೇಜಾರು ಅನ್ನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಎದುರಿಗೇ ಮಾತಾಡಬೇಕು ಅಂದರೆ ತಾಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಅಂತ ಕೇಳಲಿ. 10ರಿಂದ 19 ವರ್ಷದ ಮಕ್ಕಳಿಗೇ ಇರುವುದು ಅದು. ಹೊರರೋಗಿ ಚೀಟಿ ಮಾಡಿಸುವ ಕಡೆ ಕೇಳಿದರೆ ಕೋಣೆ ತೋರಿಸುತ್ತಾರೆ.

---

ಹತ್ತನೇ ಕ್ಲಾಸ್

ಅಲ್ಲಿ ಅವನ ಜತೆ ನಾನು ಒಳಗೆ ಬರಬಹುದಾ?

---

ಆಸ್ಪತ್ರೆ ಅಕ್ಕ (ಬೀದರ್)

ಅವನು ಬಾ ಅಂದರೆ ಬರಬಹುದು. ಸಾಲಿ ಬಿಟ್ಟ ಮೇಲೆ ಬಂದರೆ ಹೊರರೋಗಿ ವಿಭಾಗ ಮುಚ್ಚಿರಬಹುದು, ಶನಿವಾರ ಬೆಳಗಿನ ಸಾಲಿ ಮುಗಿಸಿ ನೇರ ಬನ್ನಿ.